ಕ್ರಿಸ್ಮಸ್ ಮರಕ್ಕೆ ಅಚ್ಚೊತ್ತಿದ ಬಿಲ್ಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಈ ಸಲ ಮರಕ್ಕೆ ಪ್ಲಾಸ್ಟಿಕ್ ಗುಂಡು ಬೇಡ, ಮಕ್ಕಳ ಜೊತೆ ಕೂತು ಕ್ಲೇ ಬಿಲ್ಲೆ ಮಾಡ್ತೀವಿ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು.

ಮೈದಾಕ್ಕೆ ಉಪ್ಪು ಕಲಸುವ ಹಳೇ ವಿಧಾನ ನಿಮ್ಮ ಮಂಗಳೂರಿಗೆ ಆಗಿಬರುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ಒಣಗಿದ ಬಿಲ್ಲೆ ಮತ್ತೆ ಮೆತ್ತಗಾಗುತ್ತದೆ. ಅದರ ಬದಲು 2 ಕಪ್ ಅಡುಗೆ ಸೋಡಾ, 1 ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ನೀರು ತಗೋ. ಬೇಕಿಂಗ್ ಪೌಡರ್ ಅಲ್ಲ, ಸೋಡಾನೇ ಆಗಬೇಕು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವು. ಸ್ವಲ್ಪ ಹೊತ್ತು ನೀರಾಗಿಯೇ ಇರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ರೊಟ್ಟಿಗೆ ಉಕ್ಕರಿಸಿದ ಹಿಟ್ಟಿನ ಹಾಗೆ ತಳ ಬಿಟ್ಟ ಕೂಡಲೇ ಇಳಿಸಿಬಿಡು. ಜಾಸ್ತಿ ಕಾದರೆ ಒಣಗುವಾಗ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆ ಮುಚ್ಚಿ ಆರಲು ಬಿಡು, ಆಮೇಲೆ ಚೆನ್ನಾಗಿ ನಾದು.

ಕ್ಲೇ ಅಚ್ಚ ಬಿಳಿ ಬರುತ್ತದೆ. ದಯವಿಟ್ಟು ಬಣ್ಣ ಬಳಿಯಬೇಡ. ಬಣ್ಣ ಬಿದ್ದರೆ ಅಚ್ಚಿನ ಸಣ್ಣ ಗೆರೆಗಳು ತುಂಬಿಹೋಗುತ್ತವೆ. ಹಾಗೇ ಬಿಟ್ಟರೆ, ಮರದ ದೀಪ ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ನೆರಳು ಹಿಡಿದು ಎದ್ದು ಕಾಣುತ್ತದೆ. ಇಡೀ ಕೆಲಸದ ಚೆಂದ ಇರುವುದೇ ಅಲ್ಲಿ.

ಅಚ್ಚಿಗೆ ಏನನ್ನೂ ಕೊಳ್ಳಬೇಕಿಲ್ಲ. ಹಿತ್ತಲಲ್ಲಿ ಪೇರಳೆ ಗಿಡ ಇದ್ದರೆ ಒಂದು ಎಲೆ ಕಿತ್ತು ನೋಡು. ಮೇಲುಗಡೆ ನುಣುಪು, ಬೆನ್ನ ಕಡೆ ನರಗಳು ಉಬ್ಬಿರುತ್ತವೆ. ಕ್ಲೇಯನ್ನು ಅರ್ಧ ಸೆಂಟಿಮೀಟರ್ ದಪ್ಪ ಲಟ್ಟಿಸಿ, ಎಲೆಯ ಬೆನ್ನು ಕೆಳಗೆ ಬರುವಂತೆ ಇಟ್ಟು, ಲಟ್ಟಣಿಗೆಯನ್ನು ಒಂದೇ ಸಲ ಮೆಲ್ಲಗೆ ಉರುಳಿಸು. ತೊಟ್ಟು ಹಿಡಿದು ನಿಧಾನ ಎತ್ತು. ನಡುನರದಿಂದ ಅಂಚಿನವರೆಗೆ ಒಂದು ಕವಲೂ ಬಿಡದೆ ಮೂಡಿರುತ್ತದೆ! ಕ್ರೋಶಾ ಲೇಸ್, ಸೀರೆಗೆ ಒತ್ತುವ ಮರದ ಅಚ್ಚು, ಸಂಕ್ರಾಂತಿಯ ಸಕ್ಕರೆ ಅಚ್ಚಿನ ಒಂದು ಪಾಲು, ಎಲ್ಲವೂ ನಡೆಯುತ್ತದೆ. ಒತ್ತುವ ಮುಂಚೆ ಅಚ್ಚಿಗೆ ಚೂರು ಕಾರ್ನ್‌ಫ್ಲೋರ್ ಸವರಿದರೆ ಅಂಟುವುದಿಲ್ಲ. ಮಕ್ಕಳ ಹೆಸರು ಕನ್ನಡದಲ್ಲೇ ಇರಲಿ ಅನ್ನಿಸಿದರೆ, ರಬ್ಬರ್ ಸ್ಟಾಂಪ್ ಮಾಡುವ ಅಂಗಡಿಯಲ್ಲಿ ಹೇಳಿ ಮಾಡಿಸು.

ಮೊದಲು ಅಚ್ಚು, ಆಮೇಲೆ ಕತ್ತರಿಸುವುದು. ಕತ್ತರಿಸಿ ಆಮೇಲೆ ಒತ್ತಿದರೆ ದುಂಡಗಿನ ಅಂಚು ಸೊಟ್ಟಗಾಗುತ್ತದೆ. ದಾರದ ತೂತನ್ನು ಸ್ಟ್ರಾದಿಂದ ಆಗಲೇ ಮಾಡಿಬಿಡು, ಅಂಚಿಗೆ ತೀರಾ ಹತ್ತಿರ ಬೇಡ.

ಒಣಗಿಸುವಾಗ ಅವಸರ ಬೇಡ. ಬಿಸಿಲಿಗಿಟ್ಟರೆ ಮೇಲ್ಭಾಗ ಬೇಗ ಒಣಗಿ ಬಿಲ್ಲೆ ಬಾಗುತ್ತದೆ. ನೆರಳಲ್ಲಿ, ಜಾಲರಿ ಮೇಲೆ, ಆಗಾಗ ಮಗುಚಿ ಹಾಕು. ಎರಡು ಮೂರು ದಿನ ಬೇಕು. ದಕ್ಷಿಣ ಜರ್ಮನಿಯಲ್ಲಿ ಕ್ರಿಸ್ಮಸ್‌ಗೆ ಸ್ಪ್ರಿಂಗರ್ಲೆ ಅಂತ ಬಿಸ್ಕತ್ತು ಮಾಡುತ್ತಾರೆ. ಕೆತ್ತಿದ ಮರದ ಅಚ್ಚನ್ನು ಹಿಟ್ಟಿಗೊತ್ತಿ, ಚಿತ್ರ ಕೆಡದಿರಲಿ ಅಂತ ಗಂಟೆಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಬೇಯಿಸುತ್ತಾರೆ. ಅವನ್ನು ಮರಕ್ಕೆ ತೂಗುಹಾಕುವುದೂ ಉಂಟು. ಅಚ್ಚಿನ ಕೆಲಸ ಎಲ್ಲೇ ಆಗಲಿ ತಾಳ್ಮೆ ಕೇಳುತ್ತದೆ ಅಲ್ವಾ?

ಒಣಗಿದ ಮೇಲೆ ಅಂಚನ್ನು ನಯವಾದ ಮರಳು ಕಾಗದದಿಂದ ತೀಡಿ, ಎರಡೂ ಕಡೆ ತೆಳ್ಳಗೆ ವಾರ್ನಿಶ್ ಹೊಡೆ. ನಿಮ್ಮೂರಿನ ತೇವಕ್ಕೆ ಅದು ಬೇಕೇ ಬೇಕು. ನಾಯಿಗೆ ಎಟುಕದ ಕೊಂಬೆಗೆ ಕಟ್ಟು, ಇಷ್ಟು ಸೋಡಾ ಅದರ ಹೊಟ್ಟೆಗೆ ಹೋಗಬಾರದು.

ನಾಲ್ಕು ಜಾಸ್ತಿಯೇ ಮಾಡು. ಅಕ್ಕಪಕ್ಕದ ಮನೆಗೆ ಕ್ರಿಸ್ಮಸ್ ತಿಂಡಿ ಕುಸ್ವಾರ್ ಹಂಚುವಾಗ ಪೊಟ್ಟಣದ ದಾರಕ್ಕೆ ಒಂದೊಂದು ಕಟ್ಟಿಕೊಡು. ಕಿಡಿಯೊ, ಗುಳಿಯೊ ಖಾಲಿಯಾದ ಮೇಲೂ ಅವರ ಮನೆಯಲ್ಲಿ ನಿನ್ನ ಮಕ್ಕಳ ಕೈಕೆಲಸ ಇರುತ್ತದೆ. ಪೇರಳೆ ಎಲೆಯದು ಒಂದು ನನಗೂ ಎತ್ತಿಡು.

ನಿನ್ನ ಗೆಳೆಯ