ಡಿಸ್ಕ್ ಫಾರ್ಮ್ಯಾಟ್ ಮಾಡುವ ಮುನ್ನ ವರ್ಚುವಲ್‌ಸ್ಟೋರ್ ನೋಡಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಂಗಡಿ, ಸಹಕಾರ ಸಂಘ, ಸಣ್ಣ ಕಚೇರಿಗಳು ಹಳೆಯ ಕಂಪ್ಯೂಟರ್ ಬಿಟ್ಟು ಹೊಸದಕ್ಕೆ ಹೋಗುತ್ತಿವೆ. ಹೋಗುವಾಗ ಹಳೆಯ ಬಿಲ್ಲಿಂಗ್ ತಂತ್ರಾಂಶದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡುವುದು ರೂಢಿ. ಹೊಸ ಯಂತ್ರದಲ್ಲಿ ತೆರೆದರೆ ಲೆಕ್ಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿರುತ್ತದೆ. ವೈರಸ್ ಬಂತು, ಡಿಸ್ಕ್ ಕೆಟ್ಟಿತು ಎಂದು ಜನ ಕೈಚೆಲ್ಲುತ್ತಾರೆ. ಎಷ್ಟೋ ಸಲ ಕಾರಣ ಎರಡೂ ಅಲ್ಲ. ದತ್ತಾಂಶ ಆ ಫೋಲ್ಡರಿನಲ್ಲಿ ಇರಲೇ ಇಲ್ಲ, ‘ವರ್ಚುವಲ್‌ಸ್ಟೋರ್’ ಎಂಬ ಬೇರೆ ಫೋಲ್ಡರಿನಲ್ಲಿತ್ತು.

2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ, ತಂತ್ರಾಂಶಗಳು ಸಾಮಾನ್ಯವಾಗಿ ಇನ್‌ಸ್ಟಾಲ್ ಆಗುವ ‘ಪ್ರೋಗ್ರಾಂ ಫೈಲ್ಸ್’ ಮತ್ತು ‘ವಿಂಡೋಸ್’ ಫೋಲ್ಡರುಗಳಲ್ಲಿ ಸಾಮಾನ್ಯ ಪ್ರೋಗ್ರಾಂ ಬರೆಯುವಂತಿಲ್ಲ. ನಿಮ್ಮದು ಅಡ್ಮಿನಿಸ್ಟ್ರೇಟರ್ ಖಾತೆಯಾಗಿದ್ದರೂ, ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್) ಎಂಬ, ಅನುಮತಿ ಕೇಳುವ ಕಿಟಕಿಯಲ್ಲಿ ‘ಯೆಸ್’ ಒತ್ತುವ ತನಕ ಪ್ರೋಗ್ರಾಂ ಸಾಧಾರಣ ಬಳಕೆದಾರನ ಹಕ್ಕಿನಲ್ಲೇ ನಡೆಯುತ್ತದೆ. ಹೊಸ ತಂತ್ರಾಂಶಗಳಾದರೆ ‘ಆ್ಯಕ್ಸೆಸ್ ಡಿನೈಡ್’ ಎಂದು ನೇರವಾಗಿ ಹೇಳುತ್ತವೆ. ತನಗೆ ಯಾವ ಹಕ್ಕು ಬೇಕೆಂದು ತಿಳಿಸದ ಹಳೆಯ 32 ಬಿಟ್ ತಂತ್ರಾಂಶಗಳ ದಾರಿ ಬೇರೆ. ಅವು ಬರೆದದ್ದನ್ನು ವಿಂಡೋಸ್ ಸದ್ದಿಲ್ಲದೆ ಬೇರೆ ಜಾಗಕ್ಕೆ ತಿರುಗಿಸುತ್ತದೆ. ಪ್ರೋಗ್ರಾಂಗೆ ಅದು ಗೊತ್ತೇ ಆಗುವುದಿಲ್ಲ, ಬಳಸುವವರಿಗೂ ಗೊತ್ತಾಗುವುದಿಲ್ಲ.

ಆ ಜಾಗ ಹೀಗಿದೆ: ಸಿ ಡ್ರೈವ್, ಅದರೊಳಗೆ ‘ಯೂಸರ್ಸ್’, ನಿಮ್ಮ ಖಾತೆಯ ಹೆಸರಿನ ಫೋಲ್ಡರ್, ‘ಆ್ಯಪ್‌ಡೇಟಾ’, ‘ಲೋಕಲ್’, ಕೊನೆಗೆ ‘ವರ್ಚುವಲ್‌ಸ್ಟೋರ್’. ‘ಆ್ಯಪ್‌ಡೇಟಾ’ ಅಡಗಿರುವ ಫೋಲ್ಡರ್. ವಿಂಡೋಸ್ 11ರಲ್ಲಿ ‘ವ್ಯೂ’, ‘ಶೋ’, ‘ಹಿಡನ್ ಐಟಮ್ಸ್’ ಒತ್ತಿದರೆ ಕಾಣುತ್ತದೆ. ವಿಂಡೋಸ್ 10ರಲ್ಲಿ ‘ವ್ಯೂ’ ಪಟ್ಟಿಯಲ್ಲೇ ‘ಹಿಡನ್ ಐಟಮ್ಸ್’ ಎಂಬ ಚೌಕವಿದೆ. ವರ್ಚುವಲ್‌ಸ್ಟೋರ್‌ನೊಳಗೆ ಮತ್ತೊಂದು ‘ಪ್ರೋಗ್ರಾಂ ಫೈಲ್ಸ್’ ಕಂಡು, ಅದರಲ್ಲಿ ನಿಮ್ಮ ತಂತ್ರಾಂಶದ ಹೆಸರಿದ್ದರೆ ನಿಮ್ಮ ಲೆಕ್ಕ ಅಲ್ಲಿದೆ.

ಇದರಿಂದ ಹುಟ್ಟುವ ಗೊಂದಲ ಒಂದೆರಡಲ್ಲ. ವರ್ಚುವಲ್‌ಸ್ಟೋರ್ ಪ್ರತಿ ಖಾತೆಗೂ ಬೇರೆ ಬೇರೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಗುಮಾಸ್ತರು ತಮ್ಮ ತಮ್ಮ ಲಾಗಿನ್‌ನಿಂದ ಬಿಲ್ ಹಾಕಿದರೆ, ಒಬ್ಬರ ಬಿಲ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಇನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದರೆ ಪ್ರೋಗ್ರಾಂ ನಿಜವಾದ ಪ್ರೋಗ್ರಾಂ ಫೈಲ್ಸ್ ಓದುತ್ತದೆ. ಅಲ್ಲಿರುವುದು ಹಳೆಯ ಕಡತ. ನಿನ್ನೆಯ ನಮೂದುಗಳೆಲ್ಲ ಮಾಯವಾದವು ಎಂದು ಗಾಬರಿಯಾಗುವುದು ಆಗಲೇ. ಯುಎಸಿಯನ್ನು ಪೂರ್ತಿ ಬಂದ್ ಮಾಡಿದರೂ ಇದೇ ಪರಿಣಾಮ, ಏಕೆಂದರೆ ಅದರೊಂದಿಗೆ ಈ ತಿರುಗಿಸುವ ವ್ಯವಸ್ಥೆಯೂ ನಿಲ್ಲುತ್ತದೆ.

ನಿಮ್ಮ ತಂತ್ರಾಂಶ ಹೀಗೆ ಬರಹವನ್ನು ಬೇರೆಡೆ ತಿರುಗಿಸುವ ಗುಂಪಿಗೆ ಸೇರಿದ್ದೇ ಎಂದು ತಿಳಿಯಲು ಅದನ್ನು ತೆರೆದಿಟ್ಟು ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ಗೆ ಹೋಗಿ. ಕಾಲಂ ಶೀರ್ಷಿಕೆಯ ಮೇಲೆ ಬಲ ಕ್ಲಿಕ್ ಮಾಡಿ, ‘ಸೆಲೆಕ್ಟ್ ಕಾಲಮ್ಸ್’ನಲ್ಲಿ ‘ಯುಎಸಿ ವರ್ಚುವಲೈಸೇಶನ್’ ಆರಿಸಿ. ‘ಎನೇಬಲ್ಡ್’ ಎಂದಿದ್ದರೆ ಸೇರಿದ್ದು.

ಸ್ಥಳಾಂತರಿಸುವಾಗ ಕ್ರಮ ಮುಖ್ಯ. ತಂತ್ರಾಂಶವನ್ನು ಮುಚ್ಚಿ. ಮೊದಲು ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಅದರ ಫೋಲ್ಡರನ್ನೂ ವರ್ಚುವಲ್‌ಸ್ಟೋರ್‌ನಲ್ಲಿರುವುದನ್ನೂ ಬೇರೆ ಬೇರೆ ಹೆಸರಿನಲ್ಲಿ ಹೊರಗಿನ ಡಿಸ್ಕಿಗೆ ನಕಲಿಸಿ, ಅವೆರಡನ್ನೂ ಹಾಗೇ ಬಿಡಿ. ಆಮೇಲೆ ಮೂರನೆಯ ಫೋಲ್ಡರ್ ಮಾಡಿ ಮೊದಲನೆಯದನ್ನು ಸುರಿದು, ಅದರ ಮೇಲೆ ವರ್ಚುವಲ್‌ಸ್ಟೋರ್‌ನ ಕಡತಗಳನ್ನು ಹಾಕಿ, ‘ರಿಪ್ಲೇಸ್’ ಎನ್ನಿ. ವರ್ಚುವಲ್‌ಸ್ಟೋರ್‌ನಲ್ಲಿ ಪ್ರೋಗ್ರಾಂ ಬರೆದ ಕಡತಗಳಷ್ಟೇ ಇರುತ್ತವೆ, ಮುಟ್ಟದವು ಮೂಲ ಫೋಲ್ಡರಿನಲ್ಲೇ ಉಳಿದಿರುತ್ತವೆ. ಆದ್ದರಿಂದ ಎರಡೂ ಸೇರಿದರೇ ಪೂರ್ತಿ. ನಡುನಡುವೆ ಅಡ್ಮಿನಿಸ್ಟ್ರೇಟರ್ ಆಗಿಯೂ ಬಿಲ್ ಹಾಕಿದ್ದರೆ ಅಥವಾ ಎರಡು ಲಾಗಿನ್ ಇದ್ದರೆ ಹೀಗೆ ಒಂದರ ಮೇಲೊಂದು ಹಾಕಬೇಡಿ. ಒಬ್ಬರ ನಮೂದು ಅಳಿಸಿಹೋಗುತ್ತದೆ. ‘ಡೇಟ್ ಮಾಡಿಫೈಡ್’ ನೋಡಿ, ಒಂದೊಂದನ್ನೂ ಪ್ರತ್ಯೇಕವಾಗಿ ತೆರೆದು, ಬಿಟ್ಟುಹೋದ ಬಿಲ್ಲುಗಳನ್ನು ಕೈಯಾರೆ ಸೇರಿಸುವುದೇ ಸರಿ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಹೊಸ ಯಂತ್ರದಲ್ಲಿ ಅದೇ ತಪ್ಪು ಮರುಕಳಿಸಬಾರದು. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಡೇಟಾ ಎಲ್ಲಿಡಬೇಕೆಂದು ಹೇಳಲು ಅವಕಾಶವಿದ್ದರೆ ಡಿ ಡ್ರೈವ್‌ನ ಒಂದು ಫೋಲ್ಡರ್ ತೋರಿಸಿ. ಅವಕಾಶವಿಲ್ಲದಿದ್ದರೆ ತಂತ್ರಾಂಶವನ್ನೇ ಪ್ರೋಗ್ರಾಂ ಫೈಲ್ಸ್ ಬಿಟ್ಟು, ಸಿ ಡ್ರೈವ್‌ನಲ್ಲಿ ನೀವೇ ಮಾಡಿದ ‘ಲೆಕ್ಕ’ ಎಂಬಂಥ ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿ. ಸಿ ಡ್ರೈವ್ ತೆರೆದ ಕೂಡಲೇ ಕಾಣುವ ಜಾಗದಲ್ಲಿ ಬಿಡಿ ಕಡತ ಉಳಿಸಲು ವಿಂಡೋಸ್ ಬಿಡುವುದಿಲ್ಲ, ಆದರೆ ಫೋಲ್ಡರ್ ಮಾಡಲು ಬಿಡುತ್ತದೆ. ಹಾಗೆ ಮಾಡಿದ ಫೋಲ್ಡರಿನೊಳಗೆ ಸಾಧಾರಣ ಬಳಕೆದಾರರೂ ಬರೆಯಬಹುದು. ಎರಡೂ ಆಗದಿದ್ದಾಗ ಮಾತ್ರ ಡೇಟಾ ಇರುವ ಒಳಫೋಲ್ಡರಿಗಷ್ಟೇ ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಎಡಿಟ್’ ಮೂಲಕ ‘ಯೂಸರ್ಸ್’ ಗುಂಪಿಗೆ ‘ಮಾಡಿಫೈ’ ಹಕ್ಕು ಕೊಡಿ.

ರಿಪೇರಿಗೆ ಬಂದವರು ಇಡೀ ಪ್ರೋಗ್ರಾಂ ಫೈಲ್ಸ್‌ಗೆ ‘ಎವರಿವನ್, ಫುಲ್ ಕಂಟ್ರೋಲ್’ ಕೊಟ್ಟು ಹೋಗುವುದು ದೊಡ್ಡ ಅಪಾಯ. ಹಾಗೆ ಮಾಡಿದರೆ ಸಾಧಾರಣ ಹಕ್ಕಿನಲ್ಲಿ ಓಡುವ ಯಾವುದೇ ಕುತಂತ್ರಾಂಶ ಅಲ್ಲಿನ ಪ್ರೋಗ್ರಾಂ ಕಡತವನ್ನೇ ಬದಲಿಸಬಹುದು. ಮುಂದೆ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ದಿನ ಇಡೀ ಯಂತ್ರ ಅದರ ವಶ. ದಯವಿಟ್ಟು ಇದನ್ನು ಒಪ್ಪಬೇಡಿ.

‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲೇ ಉಳಿಸಲಾಗುತ್ತಿಲ್ಲ ಎನ್ನುವವರ ಸಮಸ್ಯೆ ಬೇರೆ. 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಕಾವಲಿದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್ (ರ್‍ಯಾನ್ಸಮ್‌ವೇರ್) ತಡೆಯಲೆಂದು ಇದನ್ನು ಚಾಲೂ ಮಾಡಿದ್ದರೆ ಪರಿಚಯವಿಲ್ಲದ ಪ್ರೋಗ್ರಾಂಗಳಿಗೂ ತಡೆ ಬೀಳುತ್ತದೆ. ಕೆಲವು ತಂತ್ರಾಂಶಗಳು ಆಗ ‘ಫೈಲ್ ಸಿಗಲಿಲ್ಲ’ ಎಂದು ದಾರಿ ತಪ್ಪಿಸುವ ಸಂದೇಶ ತೋರಿಸುತ್ತವೆ. ‘ವಿಂಡೋಸ್ ಸೆಕ್ಯುರಿಟಿ’ಯ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ನಲ್ಲಿ ‘ಮ್ಯಾನೇಜ್ ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್’ ತೆರೆಯಿರಿ. ಪ್ರೋಗ್ರಾಂಗೆ ಅನುಮತಿ ಕೊಡುವ ಕೊಂಡಿಯಲ್ಲಿ ‘ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್’ ಪಟ್ಟಿ ಸಿಗುತ್ತದೆ. ನಿಮ್ಮದನ್ನು ಮಾತ್ರ ಆರಿಸಿ ಸೇರಿಸಿ, ಕಾವಲನ್ನು ತೆಗೆಯಬೇಡಿ.

ಫಾರ್ಮ್ಯಾಟ್ ಮಾಡದೆ ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿ, ಫೈಲು, ಆ್ಯಪ್‌ಗಳನ್ನು ಉಳಿಸಿಕೊಂಡವರ ವರ್ಚುವಲ್‌ಸ್ಟೋರ್ ಹಾಗೇ ಇರುತ್ತದೆ. ಹಳೆಯ ಯಂತ್ರವನ್ನು ಗುಜರಿಗೆ ಕೊಡಲು ಹೊರಟವರು ಇವತ್ತೇ ಆ ಫೋಲ್ಡರ್ ತೆರೆದು ನೋಡಿ.

– ಕಂಪ್ಯೂಟರ್ ತಂತ್ರಜ್ಞ, ದಾವಣಗೆರೆ