ಮೊದಲು ಸೀಟಿಗೊಂದು ಗುರುತು ಹಾಕು, ಮಾರುವ ಮಾತು ಆಮೇಲೆ

ಮುನಿರಾಬಾದ್
ಮಂಗಳವಾರ

ಮಗಳೇ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಆರಾಮ ಇದ್ದೇವೆ. ದೊಡ್ಡಮ್ಮನ ಮಂಡಿ ನೋವು ಇದ್ದದ್ದೇ, ಅದನ್ನು ಬಿಟ್ಟರೆ ಬೇರೆ ಸುದ್ದಿ ಇಲ್ಲ.

ಮೊನ್ನೆ ಭಾನುವಾರ ಕೊಪ್ಪಳದಿಂದ ಹೊಸ ಮಡಚುವ ಸೈಕಲ್ ಮೇಲೆ ಊಟಕ್ಕೆ ಬರ್ತೀನಿ ಅಂದವಳು ಗಿಣಿಗೇರಾದಿಂದ ಬಸ್ಸಿನಲ್ಲಿ ಬಂದು ಇಳಿದೆ. ಸೈಕಲ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ಮುಖ ಅದಕ್ಕಿಂತ ಜಾಸ್ತಿ ಮಡಚಿಕೊಂಡಿತ್ತು. ಕೈ ಜೋಮು, ಕೂರುವ ಜಾಗ ಉರಿ, ಮಂಡಿ ನೋವು. ಊಟ ಮಾಡುತ್ತಾ "ಮಾರಿಬಿಡ್ತೀನಿ ದೊಡ್ಡಪ್ಪ, ಇದು ರಾಯಚೂರು ಟೂರಿಗೆ ಆಗೋದಲ್ಲ" ಅಂದೆ. ಆಗ ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೂ ನೀನು ಹೂಂ ಹೂಂ ಅನ್ನುತ್ತಾ ಬೇರೇನೋ ನೋಡುತ್ತಿರುತ್ತೀಯ. ಅದಕ್ಕೇ ಕಾಗದ.

ನೀನು ಊಟ ಮಾಡಿ ಮಲಗಿದಾಗ ನಾನು ಪಡಸಾಲೆಯಲ್ಲಿ ಆ ಸೈಕಲ್ ಬಿಚ್ಚಿ ನೋಡಿದೆ. ಕಾಲುವೆ ಕೆಲಸದಲ್ಲಿ ಮೂವತ್ತು ವರ್ಷ ತೆಗೆದವನಿಗೆ ರಸಮಟ್ಟ ಇಡುವ ಚಟ ಹೋಗುವುದಿಲ್ಲ. ಸೀಟಿನ ಮೇಲೂ ಇಟ್ಟೆ. ಗುಳ್ಳೆ ಹಿಂದಕ್ಕೆ ಓಡಿತು. ಅಂದರೆ ಮೂತಿ ಕೆಳಗೆ ಬಾಗಿತ್ತು. ಹೀಗಿದ್ದರೆ ಮೈಯೆಲ್ಲ ಮುಂದೆ ಜಾರುತ್ತದೆ, ಅದನ್ನು ತಡೆಯಲು ಅಂಗೈ ಹ್ಯಾಂಡಲ್ ಮೇಲೆ ಭಾರ ಹೊರುತ್ತದೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದವು ಅಂದೆಯಲ್ಲ, ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಹೊರಅಂಚಿನಲ್ಲೇ ಇದೆ. ಅಲ್ಲಿ ಭಾರ ಬಿದ್ದರೆ ಜೋಮು ಹಿಡಿಯದೆ ಏನು? ಸೀಟು ಮೊದಲು ಸಮಮಟ್ಟ ಮಾಡು. ಸೀಟಿನ ಅಡಿ ಒಂದು ಬೋಲ್ಟ್ ಇದೆ, ಎಲ್ ಆಕಾರದ ಅಲೆನ್ ಕೀ ಸಾಕು.

ಎರಡನೆಯದು ಎತ್ತರ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು ಅಂತ ಸೀಟನ್ನು ಇಳಿಸಿಕೊಂಡಿದ್ದೆ. ಹೆದರಿಕೆಗೆ ಹಾಗೆ ಮಾಡ್ತಾರೆ, ಗೊತ್ತು. ಆದರೆ ಮಂಡಿ ನೋವು ಬಂದದ್ದು ಅಲ್ಲಿಂದಲೇ. ಗೋಡೆ ಹಿಡಿದುಕೊಂಡು ಸೀಟಿನ ಮೇಲೆ ಕೂರು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಅಷ್ಟು ಎತ್ತರಿಸಿ, ಆಮೇಲೆ ಪಾದದ ಮುಂಭಾಗ ಇಟ್ಟು ತುಳಿ. ಮಂಡಿ ಸ್ವಲ್ಪವೇ ಬಾಗುತ್ತದೆ, ಅದೇ ಸರಿ. ನಿಲ್ಲಿಸುವಾಗ ಸೀಟಿನ ಮೇಲೆ ಕೂತೇ ಕಾಲು ಊರಬೇಡ, ಮುಂದೆ ಇಳಿದು ನಿಲ್ಲು. ಈ ಸೈಕಲ್ಲಿಗೆ ನಡುವಿನ ಪೈಪು ಕೆಳಗಿದೆ, ಸೀರೆ ಉಟ್ಟವರೂ ಇಳಿಯಬಹುದು.

ಈಗ ಮಡಚುವ ಸೈಕಲ್ಲಿನ ಅಸಲಿ ಕಿರಿಕಿರಿ ಹೇಳುತ್ತೇನೆ. ನೀನು ಸರಿ ಎತ್ತರ ಹುಡುಕಿ ಇಟ್ಟುಕೊಂಡರೂ ಮಡಚುವಾಗ ಸೀಟಿನ ಕಂಬ ಕೆಳಗೆ ಇಳಿಸಲೇಬೇಕು. ಬಿಚ್ಚುವಾಗ ಅಂದಾಜಿಗೆ ಏರಿಸುತ್ತೀಯ. ಒಂದು ದಿನ ಎರಡು ಬೆರಳು ಮೇಲೆ, ಇನ್ನೊಂದು ದಿನ ಮೂರು ಬೆರಳು ಕೆಳಗೆ. ಮೈಗೆ ಯಾವುದೂ ಒಗ್ಗುವುದಿಲ್ಲ. ಅದಕ್ಕೇ ಸರಿ ಎತ್ತರ ಸಿಕ್ಕ ತಕ್ಷಣ ಕಂಬದ ಮೇಲೆ ನಿನ್ನ ಉಗುರುಬಣ್ಣದಿಂದ ಒಂದು ಗೆರೆ ಎಳೆ. ಕಂಪನಿಯವರು ಕೆತ್ತಿದ ಇನ್ನೊಂದು ಗೆರೆ ಕೆಳಗೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಎಂದೂ ಏರಿಸಬೇಡ, ಅಷ್ಟು ಎಳೆದರೆ ಕಂಬವೋ ಅದನ್ನು ಹಿಡಿದ ಪೈಪೋ ಮುರಿಯಬಹುದು.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಸೀಟು, ಹ್ಯಾಂಡಲ್, ಗ್ರಿಪ್ ಎಲ್ಲ ಒಂದೇ ದಿನ ತಿರುಗಿಸಿದರೆ ನೋವು ಹೋದದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ. ಹತ್ತು ಕಿಲೋಮೀಟರ್ ಓಡಿಸು, ಬರೆದಿಟ್ಟುಕೋ, ಮತ್ತೆ ಒಂದು ತಿರುಗಿಸು. ದಪ್ಪ ಮೆತ್ತನೆ ಸೀಟಿಗೆ ಮಾತ್ರ ದುಡ್ಡು ಹಾಕಬೇಡ. ಅಂಗಡಿಯಲ್ಲಿ ಒತ್ತಿ ನೋಡಿದಾಗ ಹಿತ ಅನಿಸುತ್ತದೆ. ದೂರ ಹೋದಾಗ ಮೂಳೆ ಅದರಲ್ಲಿ ಹುದುಗಿ ಸುತ್ತಲಿನ ಮಾಂಸವೆಲ್ಲ ಉಜ್ಜುತ್ತದೆ. ಕೂರುವ ಮೂಳೆ ಎರಡೂ ಗಟ್ಟಿ ಸೀಟಿನ ಮೇಲೆ ನೆಟ್ಟಗೆ ಕೂತರೆ ಎರಡು ವಾರದಲ್ಲಿ ಉರಿ ತಾನಾಗಿ ಇಳಿಯುತ್ತದೆ.

ನಿನ್ನ ದೊಡ್ಡ ದೂರು, ಹ್ಯಾಂಡಲ್ ನಡುಗುತ್ತದೆ ಅನ್ನುವುದು. ನಾನು ಕಾಲುವೆ ಏರಿ ಮೇಲೆ ಓಡಿಸಿದ ಹಳೇ ಸೈಕಲ್ಲಿಗೆ 28 ಇಂಚಿನ ಗಾಲಿ. ಎಮ್ಮೆ ಇದ್ದ ಹಾಗೆ, ಹೇಳಿದ ಮೇಲೆ ಯೋಚನೆ ಮಾಡಿ ತಿರುಗುತ್ತಿತ್ತು. ನಿನ್ನದು 20 ಇಂಚಿನದು, ಆಡಿನ ಮರಿ. ಮುಟ್ಟಿದರೆ ಜಿಗಿಯುತ್ತದೆ. ಸಣ್ಣ ಗಾಲಿಯ ಗುಣವೇ ಅದು. ನೀನು ಹೆದರಿ ಗಟ್ಟಿಯಾಗಿ ಹಿಡಿದಷ್ಟೂ ನಿನ್ನ ತೋಳಿನ ನಡುಕವೆಲ್ಲ ಅದಕ್ಕೇ ಹೋಗುತ್ತದೆ. ಮೊಣಕೈ ಸಡಿಲ ಬಿಡು. ಮಗುವಿನ ಕೈ ಹಿಡಿದ ಹಾಗೆ ಹಿಡಿ. ಹಿಂದೆ ಟಂಟಂ ಆಟೋ ಬರುತ್ತಿದೆಯಾ ಅಂತ ಕತ್ತು ತಿರುಗಿಸಿದಾಗ ಭುಜವೂ ತಿರುಗುತ್ತದೆ, ಸೈಕಲ್ ಅದೇ ಕಡೆ ಎಳೆಯುತ್ತದೆ. ಒಂದು ಸಣ್ಣ ಕನ್ನಡಿ ಹಾಕಿಸು. ನಾಚಿಕೆ ಏನಿದೆ? ಏರು ಬಂದಾಗ ಎದ್ದು ನಿಂತು ಹ್ಯಾಂಡಲ್ ಜಗ್ಗುವ ಅಭ್ಯಾಸವನ್ನೂ ಬಿಡು. ಉದ್ದ ಕಂಬ, ನಡುವೆ ಕೀಲು, ಅದು ತೂಗಾಡುತ್ತದೆ. ಕೂತೇ ಗೇರ್ ಇಳಿಸಿ ತುಳಿ.

ನಿನ್ನ ಬ್ಯಾಂಕಿನವರು "ಚಕ್ರ ಸಣ್ಣ, ಎರಡರಷ್ಟು ತುಳೀಬೇಕು" ಅಂತ ನಕ್ಕರಂತೆ. ಅವರಿಗೆ ಲೆಕ್ಕ ಬರುವುದಿಲ್ಲ ಅಂತಾಯಿತು, ಬ್ಯಾಂಕಿನಲ್ಲಿದ್ದೂ! ನಿನ್ನ ಸೈಕಲ್ಲಿನ ಮುಂದಿನ ಹಲ್ಲುಚಕ್ರ ನಾನು ಎಣಿಸಿದೆ, 52 ಹಲ್ಲು. ಹಿಂದೆ 13 ಹಲ್ಲಿನದಕ್ಕೆ ಚೈನು ಹಾಕಿದರೆ ಪೆಡಲ್ ಒಂದು ಸುತ್ತಿಗೆ ಗಾಲಿ ನಾಲ್ಕು ಸುತ್ತು. ಗಾಲಿ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್. ಆರು ಮೀಟರ್ ಆಯಿತಲ್ಲ. ಹಳೇ ದೊಡ್ಡ ಸೈಕಲ್ ಇದಕ್ಕಿಂತ ಜಾಸ್ತಿ ಏನೂ ಹೋಗುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿನಲ್ಲಿ ಇಳಿಯುವ ಬ್ರಿಟಿಷ್ ಸೈನಿಕರಿಗೆ ಬಿಎಸ್ಎ ಕಂಪನಿ ಮಡಚುವ ಸೈಕಲ್ ಮಾಡಿ ಕೊಟ್ಟಿತ್ತು, ಅದನ್ನೂ ಅವರಿಗೆ ಹೇಳು.

ಸಣ್ಣ ಗಾಲಿ ಸೋಲುವುದು ಗುಂಡಿಯಲ್ಲಿ. ದೊಡ್ಡದು ದಾಟುವ ಗುಂಡಿಗೆ ಇದು ಇಳಿದೇಬಿಡುತ್ತದೆ. ಗುಂಡಿ ಕಂಡಾಗ ತುಳಿಯುವುದು ನಿಲ್ಲಿಸಿ, ಎರಡೂ ಪೆಡಲ್ ಸಮಕ್ಕೆ ತಂದು, ಸೀಟಿನಿಂದ ಎರಡು ಬೆರಳು ಎದ್ದು ದಾಟು. ಮಳೆ ಬಿದ್ದ ಎರೆಹೊಲದ ದಾರಿಗೆ ಮಾತ್ರ ಇಳಿಯಲೇಬೇಡ. ಆ ಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿ ನಿಂತರೆ ಹೊತ್ತುಕೊಂಡೇ ಬರಬೇಕು.

ನನ್ನದೊಂದು ಕಥೆ ಹೇಳಬೇಕು, ನಗಬೇಡ. ಮೂರು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗನ ಮಡಚುವ ಸೈಕಲ್ ತಗೊಂಡು ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಹೋದೆ. ಸೈಕಲ್ ನನಗೇನು ಹೊಸದಾ ಅನ್ನುವ ಜಂಬ. ಹ್ಯಾಂಡಲ್ ಕಂಬದ ಲಾಕ್ ಅರ್ಧಕ್ಕೇ ನಿಂತಿತ್ತು, ನಾನು ನೋಡಿರಲಿಲ್ಲ. ಎರಡು ಫರ್ಲಾಂಗ್ ಹೋಗುವಷ್ಟರಲ್ಲಿ ಹ್ಯಾಂಡಲ್ ನನ್ನ ಕೈಯಲ್ಲೇ ಮಡಚಿಕೊಂಡಿತು. ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ಬಳ್ಳಾರಿ ಜಾಲಿ. ಹುಲಿಗೆಮ್ಮನ ದಯೆ, ಜಾಲಿ ಕಡೆ ಬಿದ್ದೆ. ದೊಡ್ಡಮ್ಮ ರಾತ್ರಿ ಲಾಟೀನು, ಕನ್ನಡಕ, ಸೂಜಿ ಹಿಡಿದು ಮುಳ್ಳು ತೆಗೆದಳು, ಒಂದೊಂದು ಮುಳ್ಳಿಗೆ ಒಂದೊಂದು ಬೈಗುಳ. ಆವತ್ತಿನಿಂದ ನಾನು ಹತ್ತುವ ಮೊದಲು ನಡುವಿನ ಲಾಕ್, ಹ್ಯಾಂಡಲ್ ಲಾಕ್, ಸೀಟಿನ ಲಾಕ್ ಮೂರನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ. ನೀನೂ ಮುಟ್ಟು. ಕಣ್ಣಿಂದ ನೋಡಿದರೆ ಸಾಲದು.

ಜಾಲಿ ಅಂದೆನಲ್ಲ, ಪಂಕ್ಚರ್ ವಿಚಾರ. ಹೆಸರು ಬಳ್ಳಾರಿಯದು, ಗಿಡ ಬಂದದ್ದು ಅಮೆರಿಕ ಖಂಡದಿಂದ, ಮುಳ್ಳು ಇರುವುದು ನಮ್ಮ ಎಲ್ಲಾ ರಸ್ತೆ ಬದಿಗೆ. ಗಾಡಿ ಬಂತು ಅಂತ ರಸ್ತೆ ಬಿಟ್ಟು ಮಣ್ಣಿಗೆ ಇಳಿದರೆ ಚುಚ್ಚಿತು ಅಂತಲೇ ತಿಳಿ. ನಿನ್ನ ಟೈರಿನ ಬದಿಯಲ್ಲಿ 406 ಅಂತ ಇದೆ, ನೋಡಿದೆ. ಅದು ಟೈರು ಕೂರುವ ರಿಮ್ಮಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಒಳ್ಳೆಯದಾಯಿತು. 20 ಇಂಚಿನ ಮಕ್ಕಳ ಸೈಕಲ್ಲಿಗೂ ಸಾಮಾನ್ಯವಾಗಿ ಅದೇ ಅಳತೆ, ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಟ್ಯೂಬ್ ಸಿಗುತ್ತದೆ. ಅದೇ 451 ಇದ್ದಿದ್ದರೆ, ಅದೂ 20 ಇಂಚು ಅಂತಲೇ ಕರೆಸಿಕೊಳ್ಳುತ್ತದೆ, ನೀನು ಊರೂರು ಅಲೆಯಬೇಕಿತ್ತು. ವಾಲ್ವ್ ಕೂಡ ಮೋಟರ್‌ಸೈಕಲ್ಲಿನದೇ ತರಹ, ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಿಡಿಯುತ್ತದೆ. ಆದರೆ ಅಂಗಡಿಯವನು ಒಮ್ಮೆಲೇ ಒತ್ತಿ ತುಂಬಿಬಿಡುತ್ತಾನೆ. ಟೈರಿನ ಮೇಲೆ ಬರೆದ ಪಿಎಸ್ಐ, ಅಂದರೆ ಗಾಳಿ ಒತ್ತಡದ ಅಂಕಿ, ದಾಟದಂತೆ ನಿಂತು ನೋಡು. ಮೊನ್ನೆ ನಿನ್ನ ಟೈರು ಹೆಬ್ಬೆರಳಿಗೆ ಮೆತ್ತಗೆ ಸಿಕ್ಕಿತು. ಅರ್ಧ ದಣಿವು ಅದರದ್ದೇ.

ಬ್ಯಾಗು ಬೆನ್ನಿಗೆ ಹಾಕಬೇಡ. ಅಂಗೈಗೂ ಸೀಟಿಗೂ ಅದರ ಭಾರ ಸೇರುತ್ತದೆ. ಹಿಂದಿನ ಕ್ಯಾರಿಯರ್‌ಗೆ ಕಟ್ಟು, ಆದರೆ ಇದು ಗಿಡ್ಡ ಸೈಕಲ್, ಬದಿ ಚೀಲ ಉದ್ದ ಇದ್ದರೆ ಹಿಮ್ಮಡಿ ಬಡಿಯುತ್ತದೆ. ಚೀಲ ಆದಷ್ಟು ಹಿಂದಕ್ಕೆ ಸರಿಸು. ಟೂರಿನ ಮೊದಲು ಮನೆ ಸುತ್ತಲೂ ಭಾರ ಹೇರಿಕೊಂಡು ಎರಡು ದಿನ ತಿರುಗು, ಭಾರ ಇದ್ದಾಗ ಅದು ಬೇರೆಯೇ ಸೈಕಲ್.

ಮೊನ್ನೆ ನೀನು ಆರಿಸಿದ ದಾರಿಯೂ ತಪ್ಪು. ಕೊಪ್ಪಳದಿಂದ ಇಲ್ಲಿಗೆ ಹೆದ್ದಾರಿ, ಕಬ್ಬಿಣದ ಕಾರ್ಖಾನೆಗಳ ಲಾರಿ, ಧೂಳು. ಮೇಲಾಗಿ ಆಷಾಢ. ಪಡುವಣ ಗಾಳಿ ಬರುವಾಗ ನಿನ್ನ ಬೆನ್ನಿಗಿತ್ತು, ಅದು ಗೊತ್ತೇ ಆಗಿಲ್ಲ ನಿನಗೆ. ಸೈಕಲ್ಲಿನ ಮೇಲೆ ವಾಪಸ್ ಹೊರಟಿದ್ದರೆ ಗೊತ್ತಾಗುತ್ತಿತ್ತು. ಹೊಸಬರು ಗಾಳಿಗೆ ಎದುರಾಗಿ ಹೊರಡಬೇಕು, ಸುಸ್ತಾದಾಗ ಅದೇ ಮನೆಗೆ ದೂಡುತ್ತದೆ. ಮೊದಲ ವಾರ ಗವಿಮಠದವರೆಗೆ ಹೋಗಿ ಬಾ, ಸಾಕು. ಆಮೇಲೆ ಗೊಂಬೆ ಮಾಡುವ ಕಿನ್ನಾಳ. ಮೂರನೇ ವಾರ ಪಡುವಣಕ್ಕೆ ಇಟಗಿ. 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಇಷ್ಟು ವರ್ಷ ಇಲ್ಲೇ ಇದ್ದು ನೋಡಿಲ್ಲ ಅಂದರೆ ಏನು ಹೇಳಲಿ. ಬೆಳಿಗ್ಗೆ ಐದೂವರೆಗೆ ಹೊರಡು, ಆಗ ಗಾಳಿಗೂ ನಿದ್ದೆ. ಬಾಯಾರುವ ಮೊದಲೇ ನೀರು ಕುಡಿ, ಉಪ್ಪು ಹಾಕಿದ ಮಜ್ಜಿಗೆ ಇನ್ನೂ ಒಳ್ಳೆಯದು. ಚೀಲದಲ್ಲಿ ಎರಡು ಶೇಂಗಾ ಹೋಳಿಗೆ ಇರಲಿ. ದಾರಿಯಲ್ಲಿ ಮಿರ್ಚಿ ಬಜಿ ತಿಂದು ತುಳಿಯಲು ಹೋಗಬೇಡ, ನಾನು ಮಾಡಿ ನೋಡಿದ್ದೇನೆ.

ದೀಪಾವಳಿಗೆ ರಾಯಚೂರು ಮುಟ್ಟುವ ಆಸೆ ಇದೆಯಲ್ಲ, ಅದನ್ನು ಬಿಡಬೇಡ. ನಮ್ಮ ಮನೆಯಿಂದ ಶುರುಮಾಡು. ಸಾಣಾಪುರ, ಆನೆಗೊಂದಿ ಮೇಲೆ ಗಂಗಾವತಿಗೆ ಹೋಗುವ ದಾರಿ ಬಂಡೆಗಳ ನಡುವೆ ಏರಿಳಿತದ್ದು, ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇಡದೆ ಬಿಟ್ಟು ಬಿಟ್ಟು ಹಿಡಿ. ಸಣ್ಣ ರಿಮ್ ಬೇಗ ಕಾಯುತ್ತದೆ. ಗಂಗಾವತಿ ದಾಟಿದರೆ ಗದ್ದೆ ಬಯಲು, ಭತ್ತದ ಲಾರಿಗಳ ಬಗ್ಗೆ ಮಾತ್ರ ಎಚ್ಚರ. ಎಲ್ಲಿ ಸಾಕು ಅನಿಸುತ್ತದೋ ಅಲ್ಲಿ ಮಡಚಿ ಬಸ್ ಹತ್ತು. ಅದು ಸೋಲಲ್ಲ, ಮಡಚುವ ಸೈಕಲ್ ತಗೊಂಡದ್ದೇ ಅದಕ್ಕೆ. ಮೊನ್ನೆ ಗಿಣಿಗೇರಾದಲ್ಲಿ ನೀನು ಮಾಡಿದ್ದು ಅಷ್ಟೇ, ಸುಮ್ನೆ ಮುಖ ಸಣ್ಣ ಮಾಡಿಕೊಂಡೆ.

ಇಟಗಿಗೆ ಹೋಗಿ ಬಂದ ಮೇಲೂ ಮಾರಬೇಕು ಅನಿಸಿದರೆ ನನಗೇ ಮಾರು, ಅರ್ಧ ರೇಟಿಗೆ. ದೊಡ್ಡಮ್ಮನಿಗೆ ಮಾತ್ರ ಹೇಳಬೇಡ.

ನಿನ್ನ ಗಾಳಿ ಪಂಪು ಇಲ್ಲೇ ಪಡಸಾಲೆಯ ಗೂಡಿನಲ್ಲಿ ಬಿಟ್ಟು ಹೋಗಿದ್ದೀಯ. ಕಳಿಸುವುದಿಲ್ಲ. ಬಂದು ಒಯ್ಯಿ.

ಇಂತಿ,
ನಿನ್ನ ದೊಡ್ಡಪ್ಪ