ಪರ್ನೆಲ್ ಅವರ ಕಥೆ ಬೆಂಗಳೂರಿಗೂ ಬರಲಿ

ಮಾನ್ಯ ಸಂಪಾದಕರೇ,

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಸಿನಿಮಾ ಆರಿಸುವವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ಕೋರಿಕೆ. ಕೆನಡಾದ ಡೇಮಿಯನ್ ಈಗಲ್ ಬೇರ್ ನಿರ್ದೇಶಿಸಿರುವ, 2025ರಲ್ಲಿ ಬಂದ ‘ಸ್ಕೋಡೆನ್’ ಸಾಕ್ಷ್ಯಚಿತ್ರವನ್ನು ದಯವಿಟ್ಟು ತರಿಸಿ ತೋರಿಸಿ.

ನಾನು ಅರಸೀಕೆರೆಯವಳು. ಕ್ಯಾಲ್ಗರಿಯ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್ ಆಗಿದ್ದೇನೆ. ‘ಹಾಗಾದರೆ ನಡಿ, ನೋಡಿಯೇ ಬಿಡೋಣ’ ಎಂದು ಸೆಡ್ಡು ಹೊಡೆಯುವಂಥ ಈ ‘ಸ್ಕೋಡೆನ್’ ಎಂಬ ಮಾತು ಇಲ್ಲಿನ ಮೂಲನಿವಾಸಿ ಯುವಜನರ ಮೊಬೈಲಿನಲ್ಲಿ, ಟೀ ಶರ್ಟಿನ ಮೇಲೆ ಕಾಣುತ್ತಲೇ ಇರುತ್ತದೆ. 2018ರಲ್ಲಿ ಒಂಟಾರಿಯೊದ ಸಡ್‌ಬರಿಯಲ್ಲಿ ಹಳೆಯ ನೀರಿನ ಟ್ಯಾಂಕಿನ ಮೇಲೆಯೇ ಯಾರೋ ಇದನ್ನು ದೊಡ್ಡಕ್ಷರಗಳಲ್ಲಿ ಬರೆದಿದ್ದರು. ಇದರೊಡನೆ ಅಂಟಿಕೊಂಡು ಬಂದ ಮೀಮ್‌ನಲ್ಲಿ ಒಬ್ಬ ಗಂಡಸು ಎರಡೂ ಮುಷ್ಟಿ ಎತ್ತಿ ಹೊಡೆದಾಟಕ್ಕೆ ನಿಂತಂತೆ ನಿಂತಿದ್ದಾರೆ.

ಅವರ ಹೆಸರು ಪರ್ನೆಲ್ ಬ್ಯಾಡ್ ಆರ್ಮ್, ಈ ಸಾಕ್ಷ್ಯಚಿತ್ರ ಅವರ ಕುರಿತದ್ದೇ. ಮೂಲನಿವಾಸಿಗಳ ಬ್ಲ್ಯಾಕ್‌ಫೂಟ್ ಒಕ್ಕೂಟಕ್ಕೆ ಸೇರಿದ ಕೈನೈ ಜನರವರು. ಕೈನೈಗಳ ಮೀಸಲು ಪ್ರದೇಶ ವಿಸ್ತೀರ್ಣದಲ್ಲಿ ಕೆನಡಾದಲ್ಲೇ ಅತಿ ದೊಡ್ಡದು. ಆದರೂ ಪಕ್ಕದ ಲೆತ್‌ಬ್ರಿಜ್ ನಗರದಲ್ಲಿ ಸೂರಿಲ್ಲದೆ ಬದುಕುವವರಲ್ಲಿ ಆ ಜನ ಎಷ್ಟೊಂದು! ಸರ್ಕಾರದೊಡನೆ ಆದ 1877ರ ಒಪ್ಪಂದದ ನಂತರ ನೆಲ ಕೈತಪ್ಪಿತು, ಆಮೇಲೆ ಮಕ್ಕಳನ್ನೂ ಮನೆಯಿಂದ ಬಿಡಿಸಿ, ಅವರ ಭಾಷೆ, ಸಂಸ್ಕೃತಿಗಳನ್ನು ಮರೆಸಲೆಂದೇ ನಡೆಸುತ್ತಿದ್ದ ವಸತಿ ಶಾಲೆಗಳಿಗೆ ತುಂಬಿದರು. ಕೈನೈ ನೆಲದಲ್ಲಿದ್ದ ಅಂಥ ಶಾಲೆ ಮುಚ್ಚಿದ್ದು 1988ರಲ್ಲಿ. ನಾನು ನೋಡಿಕೊಳ್ಳುವ ಅಜ್ಜಿಯೊಬ್ಬರು ಅಂತಹುದೇ ಶಾಲೆಯಲ್ಲಿ ಬೆಳೆದವರು. ಉಗುರು ತೆಗೆಯಲೆಂದು ನಾನು ಕತ್ತರಿ ಹಿಡಿದು ಹೋದರೂ ಎರಡು ಕೈಗಳಿಂದ ಜಡೆಯನ್ನು ಮುಚ್ಚಿಕೊಳ್ಳುತ್ತಾರೆ. ಅಲ್ಲಿ ಸೇರಿದ ದಿನವೇ ಅವರ ಕೂದಲನ್ನು ಕತ್ತರಿಸಿದ್ದರಂತೆ. ಇದನ್ನೆಲ್ಲ ಬಿಟ್ಟು ಪರ್ನೆಲ್ ಅವರ ಒಂದು ಫೋಟೋವನ್ನಷ್ಟೇ ನೋಡಿದವರಿಗೆ ಕುಡುಕನೊಬ್ಬ ಕಂಡ, ನಕ್ಕರು.

ಮೊದಮೊದಲು ಆ ಫೋಟೋ ಓಡಾಡಿದ್ದು ಮೂಲನಿವಾಸಿಗಳೆಂದರೆ ಕುಡುಕರು, ಜಗಳಗಂಟರು ಎಂಬ ಹಳೆಯ ಹೀಯಾಳಿಕೆಯ ಜೊತೆಗೆ. ಆಮೇಲೆ ಮೂಲನಿವಾಸಿ ಯುವಜನರೇ ಅದನ್ನು ಕಿತ್ತುಕೊಂಡು ತಮ್ಮ ಛಲದ ಗುರುತಾಗಿಸಿಕೊಂಡರು. ಅವರ ಆ ಗಟ್ಟಿತನ ನನಗೆ ಬಹಳ ಇಷ್ಟ. ಆದರೆ ಟೀ ಶರ್ಟ್ ತೊಟ್ಟವರಲ್ಲೂ ಬಹುಪಾಲು ಜನರಿಗೆ ಮುಖ ಗೊತ್ತಿತ್ತೇ ಹೊರತು ಮನುಷ್ಯ ಗೊತ್ತಿರಲಿಲ್ಲ. ಈಗಲ್ ಬೇರ್ ಕೂಡ ಕೈನೈ ಜನರವರೇ. ಹೊರಗಿನವರು ಕ್ಯಾಮೆರಾ ಹೊತ್ತು ಬಂದು ಕರುಣೆ ತೋರಿಸಿ ಹೋದ ಚಿತ್ರವಲ್ಲ ಇದು. ತಮ್ಮವನೊಬ್ಬ ಯಾರಾಗಿದ್ದ ಎಂದು ತಮ್ಮವರನ್ನೇ ಕೇಳುವ ಚಿತ್ರ.

ನಮ್ಮ ಊರಿನವರ ವಾಟ್ಸ್ಆ್ಯಪ್ ಗುಂಪಿನಲ್ಲಿಯೂ ಒಂದು ಸ್ಟಿಕ್ಕರ್ ಇದೆ: ಬಸ್ ನಿಲ್ದಾಣದ ಹಮಾಲಿಯೊಬ್ಬರು ಬಾಯಿ ತೆರೆದು ನಿದ್ದೆ ಹೋಗಿರುವುದು. ಸೋಮವಾರ ಬೆಳಿಗ್ಗೆಯೆಂದರೆ ಅದು ಬಂದೇ ಬರುತ್ತದೆ. ನಾನು ಆಕ್ಷೇಪಿಸಿದಾಗ ನನ್ನ ಅಣ್ಣನೇ, ‘ಅವನಿಗೇನು ಗೊತ್ತಾಗುತ್ತದೆ ಬಿಡಮ್ಮ’ ಎಂದ. ಆ ಮಾತು ನನಗೆ ಬಹಳ ನೋವು ತಂದಿತು. ಆ ಹಮಾಲಿಯ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ, ಅವಳ ಸಹಪಾಠಿಗಳ ಮನೆಗಳಲ್ಲೂ ಮೊಬೈಲ್ ಇದೆ.

ಸಂಪಾದಕರೇ, ಕನ್ನಡದ ಸುದ್ದಿ ಜಾಲತಾಣಗಳೂ ರಸ್ತೆಯಲ್ಲಿ ತೂರಾಡುವವರ, ಕ್ಯಾಮೆರಾ ಮುಂದೆ ತಡವರಿಸುವ ಬಡವರ ವಿಡಿಯೋಗಳನ್ನು ‘ವೈರಲ್’ ಎಂದು ಹಾಕುತ್ತವೆ. ಅದರಲ್ಲಿರುವವರ ಒಪ್ಪಿಗೆ ಪಡೆಯದೆ ಹಾಕುವುದಿಲ್ಲವೆಂಬ ನಿಯಮವನ್ನು ನಿಮ್ಮ ಪತ್ರಿಕೆಯಾದರೂ ಮಾಡಿಕೊಂಡರೆ, ಓದುಗಳಾಗಿ ನಾನು ಋಣಿ.

ಚಿತ್ರೋತ್ಸವದಲ್ಲಿ ಆಗದಿದ್ದರೆ ಶಿವಮೊಗ್ಗ, ಮೈಸೂರು, ಧಾರವಾಡದ ಯಾವುದಾದರೂ ಚಿತ್ರ ಸಮಾಜ ಮುಂದೆ ಬರಲಿ, ಕಾಲೇಜು ಹುಡುಗರನ್ನೂ ಕರೆಯಲಿ. ನಿರ್ಮಾಪಕರು ಅನುಮತಿ ಕೊಟ್ಟರೆ ಕನ್ನಡ ಉಪಶೀರ್ಷಿಕೆಗಳನ್ನು ಇಲ್ಲಿನ ಕನ್ನಡ ಗೆಳತಿಯರೊಡನೆ ಕೂತು ನಾನೇ ಬರೆದುಕೊಡುತ್ತೇನೆ, ಅದಕ್ಕೆ ಹಣ ಬೇಡ.

– ಕೆ.ಎಸ್.ಎನ್., ಕ್ಯಾಲ್ಗರಿ, ಕೆನಡಾ